ಬಲಗಡೆಗೆ ನಾಲ್ಕು ಸಾಲು

ಪದ್ಮನಾಭನಗರ
12 ನವೆಂಬರ್ 2023

ಚಿ. ತನ್ಮಯಿ,

ಇಲ್ಲಿ ನಾನೂ ನಿನ್ನ ಅತ್ತೆ ಕಾತ್ಯಾಯಿನಿಯೂ ಎಂದಿನಂತೆ ಜಗಳವಾಡಿಕೊಂಡು ಚೆನ್ನಾಗಿದ್ದೇವೆ. ಭಾನುವಾರ ನೀನು ಫೋನ್ ಮಾಡಿದಾಗ ಅವಳು ಅರ್ಧ ಗಂಟೆ ಮಾತಾಡುತ್ತಾಳೆ. ಆಮೇಲೆ ನನ್ನ ಕಡೆ ತಿರುಗಿ "ಚೆನ್ನಾಗಿದಾಳಂತೆ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ನಲವತ್ತೈದು ವರ್ಷ ಇಂಜಿನ್‌ಗಳ ಪಕ್ಕ ಕೂತ ಕಿವಿ ಇದು. ಫೋನಿನಲ್ಲಿ ನಿನ್ನ ದನಿ ನನಗೆ ನಲ್ಲಿಯಲ್ಲಿ ಬರೀ ಗಾಳಿ ಬಂದ ಹಾಗೆ ಕೇಳಿಸುತ್ತದೆ. ಹಾಗಾಗಿ ನಮ್ಮಿಬ್ಬರಿಗೆ ಕಾಗದವೇ ಸರಿ. ಮೊಬೈಲಿನಲ್ಲಿ ಕಳಿಸಿದ್ದನ್ನು ನಾನು ಓದುವುದಿಲ್ಲ, ಗೊತ್ತಲ್ಲ.

ನೀನು ಕೆಲಸಕ್ಕಿರುವ ಟ್ರ್ಯಾಕ್ಟರ್ ಶೆಡ್ಡಿನ ಯಜಮಾನಿ ಐಲೀನ್ ಜೊತೆ ಸೇರಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಬೈಕ್ ರೇಸಿಗೆ ಇಳಿಯುತ್ತೀಯ ಎಂದು ತಿಳಿದು ನಿನ್ನ ಅತ್ತೆ ದೇವರ ಮನೆಗೆ ಹೋದಳು, ನಾನು ವರ್ಕ್‌ಶಾಪಿಗೆ ಹೋದೆ. ಮೂರು ಗಂಟೆಯ ರೇಸು, ಒಂದೇ ಬೈಕು, ಇಬ್ಬರು ಸರದಿಯಂತೆ ಓಡಿಸುವುದು. ಟೈರಿಗೆ ಉಕ್ಕಿನ ಸ್ಕ್ರೂ ಹೊಡೆದರೆ ಮಾತ್ರ ಅದು ಮಂಜುಗಡ್ಡೆಯನ್ನು ಕಚ್ಚುತ್ತದೆ, ಯಾವ ಸಾಲಿಗೆ ಎಷ್ಟು ಎಂಬುದನ್ನು ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ ಎಂದು ಬರೆದಿದ್ದೀಯ. ಅವರು ಬಾಯಿ ಬಿಡುವುದೇನೂ ಬೇಡ.

ಕಬ್ಬಿನ ಹಾಲಿನ ಅಂಗಡಿಯ ಪಾಪಯ್ಯನ ಹತ್ತಿರ ದಿನಾ ಒಂದು ಐಸ್ ಗಡ್ಡೆ ತರಿಸಿದೆ. ಹಳೇ ಟೈರಿನ ತುಂಡಿಗೆ ಸ್ಕ್ರೂ ಹೊಡೆದು, ಮೇಲೆ ಕಲ್ಲು ಹೇರಿ, ಗಡ್ಡೆಯ ಮೇಲೆ ಎಳೆದು ನೋಡಿದೆ. ಹೀಗೆ ಹತ್ತು ಗಡ್ಡೆ ಕರಗಿದವು. ವರ್ಕ್‌ಶಾಪ್ ತುಂಬ ನೀರು. ಗಾಡಿ ಬಿಡಲು ಬಂದವರೆಲ್ಲ ಒಬ್ಬರಾದ ಮೇಲೊಬ್ಬರು ಜಾರಿದರು.

ಕ್ಯಾಲೆಂಡರ್ ಹಾಳೆಗಳನ್ನು ಅಂಟಿಸಿ ಮಾಡಿದ ಪಟ್ಟಿ ಇದರ ಜೊತೆ ಇದೆ. ಹಿಂದಿನ ಟೈರಿಗೆ ಸುತ್ತು, ಚುಕ್ಕೆ ಇರುವ ಕಡೆಯಲ್ಲೆಲ್ಲ ಸ್ಕ್ರೂ ಹಾಕು. ನಡುವೆ ಮೂರು ಸಾಲು, ಎಡ ಅಂಚಿಗೆ ಎರಡು, ಬಲ ಅಂಚಿಗೆ ನಾಲ್ಕು. ಕೆರೆ ಸುತ್ತುವ ಗಾಡಿ ಯಾವ ಕಡೆ ವಾಲುತ್ತದೋ ಆ ಕಡೆಗೆ ಹಿಡಿತ ಹೆಚ್ಚು ಬೇಕು. ಯಾಕೆ, ಏನು ಎಂದು ಕೇಳುತ್ತ ಕೂರಬೇಡ. ಸುತ್ತು, ಹೊಡೆ, ಓಡಿಸು.

ಇತಿ ನಿನ್ನ ಮಾಮ
ಚಕ್ರಪಾಣಿ


ಮ್ಯಾನಿಟೋಬ, ಕೆನಡ
6 ಜನವರಿ 2024

ಪ್ರೀತಿಯ ಮಾಮ,

ಪಟ್ಟಿ ಬಂತು. ಎಲ್ಲೂ ಹರಿದಿರಲಿಲ್ಲ. ಹಿಂಬದಿಯಲ್ಲಿ ರಾಹುಕಾಲ, ಗುಳಿಕಕಾಲ ಎಲ್ಲ ಇತ್ತು. ಐಲೀನ್ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಇಲ್ಲಿನ ಕೆರೆಗೆ ನಾನು ಹೊಸಕೆರೆ ಎಂದೇ ಹೆಸರಿಟ್ಟುಕೊಂಡಿದ್ದೇನೆ, ಬಾಯಿಗೆ ಅಭ್ಯಾಸವಾದ ಹೆಸರು. ನಿನ್ನೆ ಮೈನಸ್ ಇಪ್ಪತ್ತೆಂಟು ಡಿಗ್ರಿ. ಕೊರೆಯುವ ಯಂತ್ರದಿಂದ ತೂತು ಮಾಡಿ ಅಳತೆ ನೋಡಿದರು, ಮಂಜು ಒಂದೂವರೆ ಅಡಿ ದಪ್ಪ ಇದೆ. ಅದರ ಮೇಲೆ ಲಾರಿಯೇ ನಿಲ್ಲಬಹುದು. ಆದರೂ ಮಧ್ಯಾಹ್ನ ಬಿಸಿಲು ಬಂದಾಗ ಕೆರೆ ಉದ್ದಕ್ಕೂ ನರಳುತ್ತದೆ. ಮೊದಲ ಸಲ ಕೇಳಿದಾಗ ನಾನು ದಡಕ್ಕೆ ಓಡಿಬಿಟ್ಟೆ. ನೋಡಿದವರು ಇವತ್ತಿಗೂ ನಗುತ್ತಾರೆ. ಬಿರುಕು ಬಿಡುವುದು ಮಂಜಿಗೆ ಒಳ್ಳೆಯದಂತೆ, ಸುಮ್ಮನಿದ್ದರೆ ಮಾತ್ರ ಹೆದರಬೇಕಂತೆ.

ಸ್ಕ್ರೂ ಎಲ್ಲ ನಾನೇ ಹೊಡೆದೆ, ನಿಮ್ಮ ಚುಕ್ಕೆಯಿಂದ ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಐಲೀನ್ ಟೈರ್ ನೋಡಿ ಏನೋ ಕೇಳಿದರು. ನಮ್ಮ ಮಾಮ ಗುರುತು ಹಾಕಿದ ಮೇಲೆ ಮುಗೀತು ಎಂದೆ.

ರೇಸ್ 20ಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ ಶುರು. ಹನ್ನೊಂದು ಬೈಕು, ಆರು ಕ್ವಾಡ್. ಕ್ವಾಡ್ ಎಂದರೆ ನಾಲ್ಕು ದಪ್ಪ ಚಕ್ರದ ಗಾಡಿ, ನಮ್ಮ ಜೊತೆಗೇ ಓಡುತ್ತವೆ. ಮೊದಲ ಸರದಿ ಐಲೀನ್, ಆಮೇಲೆ ನಾನು. ಅತ್ತೆಗೆ ಹೆದರಬೇಡಿ ಎಂದು ಹೇಳಿ.

ನಿಮ್ಮ
ತನ್ಮಯಿ


ಪದ್ಮನಾಭನಗರ
2 ಫೆಬ್ರವರಿ 2024

ಚಿ. ತನ್ಮಯಿ,

ನಿನ್ನ ಕಾಗದ ಬರುವುದಕ್ಕೆ ಮೊದಲೇ ನಿನ್ನ ಅತ್ತೆಗೆ ಫೋನ್ ಬಂತು. ಎಡ ಮಂಡಿಗೆ ಏಟಾಗಿದೆ, ಪ್ಲಾಸ್ಟರ್ ಹಾಕಿದ್ದಾರೆ, ಚಿಂತೆ ಇಲ್ಲ ಎಂದಳು. ನನ್ನ ಮುಖ ನೋಡದೆ ಹೇಳಿದಳು. ಅವಳು ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹರಸಿಕೊಂಡಿದ್ದಾಳೆ. ಆ ಎಡ ಮಂಡಿಗೆ ನಾಟಿ ಔಷಧಿಯ ಮುರಿಗೆವ್ವ ಕಾಯಿಸಿ ಕೊಡುವ ಎಣ್ಣೆಯನ್ನೂ ತರಿಸಿಟ್ಟಿದ್ದಾಳೆ. ಎಣ್ಣೆಯನ್ನು ಪೋಸ್ಟಿನಲ್ಲಿ ತೆಗೆದುಕೊಳ್ಳುವುದಿಲ್ಲ ಎಂದರೂ ಕೇಳುತ್ತಿಲ್ಲ.

ಸ್ಕ್ರೂಗಳು ನಿಂತವೋ ಇಲ್ಲವೋ ಅದನ್ನು ಬರೆ. ಒಂದಾದರೂ ಕಿತ್ತು ಬಂತೇ? ಐಸ್ ಗಡ್ಡೆಯ ಮೇಲೆ ನೋಡಿದ್ದು ಬೇರೆ, ಕೆರೆ ಬೇರೆ. ನಾನು ಹದಿಮೂರು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಚಕ್ರಪಾಣಿ


ಮ್ಯಾನಿಟೋಬ
26 ಫೆಬ್ರವರಿ 2024

ಪ್ರೀತಿಯ ಮಾಮ,

ನಿಮ್ಮ ಸ್ಕ್ರೂ ಒಂದೂ ಕಿತ್ತು ಬರಲಿಲ್ಲ. ರೇಸ್ ಮುಗಿದ ಮೇಲೆ ಐಲೀನ್ ಎಣಿಸಿದರು, ಎಲ್ಲವೂ ಇದ್ದವು.

ನಾನು ಬಿದ್ದದ್ದು ಎರಡನೇ ಗಂಟೆ ಮುಗಿಯುವಾಗ. ಹಿಂದಿನಿಂದ ಒಂದು ಕ್ವಾಡ್ ಬರುತ್ತಿತ್ತು, ಓಡಿಸುವವನಿಗೆ ನಿಲ್ಲಿಸಲು ಆಗಲಿಲ್ಲ. ಎಡ ಮಂಡಿ ಸ್ವಲ್ಪ ಬಿರುಕು ಬಿಟ್ಟಿದೆ, ಕೂಡಿಕೊಳ್ಳುತ್ತದೆ. ಇಲ್ಲಿ ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಊಟಕ್ಕೆ ಮಾತ್ರ ಉಪ್ಪಿಲ್ಲ, ಹುಳಿಯಿಲ್ಲ.

ತನ್ಮಯಿ


ಮ್ಯಾನಿಟೋಬ
3 ಮಾರ್ಚ್ 2024

ಮಾಮ,

ಈ ಕಾಗದವನ್ನು ನಿಮಗೆ ಕಳಿಸುವುದಿಲ್ಲ. ಎಲ್ಲಾದರೂ ಒಂದು ಕಡೆ ಬರೆದಿಡದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಕೆರೆಯನ್ನು ಎಡಕ್ಕೆ ಸುತ್ತುತ್ತಾರೆ. ಎಲ್ಲರೂ, ಯಾವಾಗಲೂ. ಗಾಡಿ ಎಡಕ್ಕೆ ವಾಲುತ್ತದೆ, ಎಡ ಅಂಚೇ ಮಂಜನ್ನು ಕಚ್ಚಬೇಕು. ನಿಮ್ಮ ಪಟ್ಟಿಯಲ್ಲಿ ನಾಲ್ಕು ಸಾಲು ಬಲಕ್ಕಿದ್ದವು.

ಪಟ್ಟಿಯನ್ನು ಟೈರಿಗೆ ಸುತ್ತಿದ ಒಂದು ನಿಮಿಷಕ್ಕೆ ನನಗೆ ಗೊತ್ತಾಯಿತು. ಉಲ್ಟಾ ಸುತ್ತಿದ್ದೇನೇನೋ ಎಂದು ಬಿಚ್ಚಿ ನೋಡಿದೆ. ನಿಮ್ಮ ಬಾಣದ ಗುರುತು, "ಬಲ" ಎಂಬ ನಿಮ್ಮ ಅಕ್ಷರ ಎಲ್ಲ ಸರಿಯಾಗಿದ್ದವು. ಫೋನಿನಲ್ಲಿ ಅತ್ತೆಗೆ ಹೇಳಿ ನಿಮ್ಮನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮಾಮನಿಗೆ ಗೊತ್ತಿಲ್ಲದ್ದು ಇದೆಯೇ, ಇದರಲ್ಲಿ ನನಗೆ ತಿಳಿಯದ ಇನ್ನೇನೋ ಲೆಕ್ಕ ಇರಬೇಕು ಎಂದುಕೊಂಡೆ. ಅದೂ ಪೂರ್ತಿ ನಿಜವಲ್ಲ.

ನನಗೆ ಹದಿಮೂರು ವರ್ಷ ಇದ್ದಾಗ, ಅಮ್ಮ ಹೋಗಿ ನಾನು ನಿಮ್ಮ ಮನೆಗೆ ಬಂದ ಹೊಸತರಲ್ಲಿ, ವರ್ಕ್‌ಶಾಪಿನಲ್ಲಿ ಗಿರಾಕಿಯ ಎದುರಿಗೇ "ಮಾಮ, ಆ ವಾಷರ್ ಉಲ್ಟಾ ಅಲ್ವಾ?" ಎಂದು ಕೇಳಿದ್ದೆ. ಉಲ್ಟಾ ಇತ್ತು. ನೀವು ಬಿಚ್ಚಿ ಸರಿ ಮಾಡಿದಿರಿ. ಆಮೇಲೆ ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕೂತಾಗ "ಅವಳಿಗೆ ಇನ್ನೊಂದು ಸ್ವಲ್ಪ ಅನ್ನ ಬಡಿಸು" ಎಂದು ಅತ್ತೆಗೆ ಹೇಳುತ್ತಿದ್ದಿರಿ. ಆ ಮನೆಯಲ್ಲಿ ನನ್ನನ್ನು ಇಟ್ಟುಕೊಳ್ಳುತ್ತೀರೋ ಇಲ್ಲವೋ ಎಂದು ಹನ್ನೊಂದು ದಿನವೂ ಹೆದರಿದ್ದೆ. ಅವತ್ತಿನಿಂದ ನಿಮ್ಮ ಕೈಕೆಲಸದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ.

ಮೊದಲ ಒಂದು ಗಂಟೆ ಕೆರೆಯ ಮೇಲೆ ಹಿಮದ ಪುಡಿ ಇತ್ತು, ಹೇಗೋ ನಡೆಯಿತು. ಐಲೀನ್ ಇಳಿದಾಗ, ತಿರುವಿನಲ್ಲಿ ನಿಲ್ಲುತ್ತಿಲ್ಲ, ತಮ್ಮ ಹಳೇ ಟೈರ್ ಹಾಕೋಣ, ನಾಲ್ಕು ನಿಮಿಷದ ಕೆಲಸ ಎಂದರು. ನಾನು ಬೇಡ ಎಂದೆ. ಅಷ್ಟು ಹೊತ್ತಿಗೆ ಕೆರೆ ಗಾಜಿನ ಹಾಗೆ ನುಣ್ಣಗಾಗಿತ್ತು. ಎಡಕ್ಕೆ ವಾಲಿದ ಬೈಕು ಹಾಗೇ ಎಡಕ್ಕೆ ಮಲಗಿತು. ಕಾಲು ಅದರ ಕೆಳಗೆ ಸಿಕ್ಕಿಕೊಂಡಿತು, ಅದರ ಮೇಲೆ ಕ್ವಾಡ್ ಹತ್ತಿತು.

ಮೂರು ಸಲ ಕೊಯ್ದಿದ್ದಾರೆ. ಮಂಡಿಯ ಒಳಗೆ ಕಂಬಿ ಇಟ್ಟು ಮೂಳೆ ಸೇರಿಸಿದ್ದಾರೆ, ಇನ್ನು ಅದು ಮಡಚುವುದಿಲ್ಲ. ಬೈಕಿಲ್ಲ, ಟ್ರ್ಯಾಕ್ಟರ್ ಕೆಳಗೆ ನುಗ್ಗುವ ಕೆಲಸವೂ ಇಲ್ಲ. ಅತ್ತೆಗೆ ಫೋನಿನಲ್ಲಿ ಮುಖ ಮಾತ್ರ ತೋರಿಸುತ್ತೇನೆ.

ನಿಮಗೆ ಇದು ಗೊತ್ತಾಗಬಾರದು. ಗೊತ್ತಾದರೆ ನೀವು ಮತ್ತೆ ಸ್ಪ್ಯಾನರ್ ಮುಟ್ಟುವುದಿಲ್ಲ. ನಿಮ್ಮ ಮೇಲೆ ಕೋಪ ಇದೆ ಮಾಮ, ಬಹಳ ಇದೆ. ಆದರೆ ಆ ವರ್ಕ್‌ಶಾಪಿನ ಬಾಗಿಲು ನನ್ನಿಂದ ಮುಚ್ಚುವುದು ಬೇಡ.


ಪದ್ಮನಾಭನಗರ
18 ಏಪ್ರಿಲ್ 2024

ಚಿ. ತನ್ಮಯಿ,

ಒಂದು ಸ್ಕ್ರೂ ಕೂಡ ಕಿತ್ತು ಬರಲಿಲ್ಲ! ಆ ಸಾಲನ್ನು ವರ್ಕ್‌ಶಾಪಿಗೆ ಬಂದವರಿಗೆಲ್ಲ ಓದಿ ಹೇಳಿದ್ದೇನೆ. ಪಾಪಯ್ಯ ತನ್ನ ಐಸಿನದೂ ಅದರಲ್ಲಿ ಪಾಲಿದೆ ಎನ್ನುತ್ತಾನೆ. ಎದುರಿನ ಟ್ಯೂಷನ್ ಮೇಷ್ಟ್ರು ನಿನ್ನ ಕಾಗದದ ಜೆರಾಕ್ಸ್ ಮಾಡಿಸಿ ಕೊಟ್ಟರು. ಗಾಳಿ ಪಂಪ್ ಇಡುವ ಜಾಗದ ಮೇಲೆ ಗೋಡೆಗೆ ಅಂಟಿಸಿದ್ದೇನೆ.

ಬಿದ್ದದ್ದಕ್ಕೆ ಕಾರಣ ನನಗೆ ಗೊತ್ತು. ತಿರುವಿನ ನಡುವೆ ಬ್ರೇಕ್ ಹಿಡಿದಿರುತ್ತೀಯ. ಹೊಸಕೆರೆಹಳ್ಳಿ ಮೈದಾನದಲ್ಲಿ ಕಲಿಯುವಾಗಲೂ ನಿನಗೆ ಅದೇ ಚಾಳಿ. ತಿರುವಿಗೆ ಮೊದಲೇ ಹಿಡಿ ಎಂದು ಎಷ್ಟು ಸಲ ಬಡಕೊಂಡಿದ್ದೇನೆ. ಹೋಗಲಿ, ಪೆಟ್ಟು ತಿಂದು ಕಲಿತದ್ದು ಮರೆಯುವುದಿಲ್ಲ.

ಮುಂದಿನ ಚಳಿಗಾಲಕ್ಕೆ ಹೊಸ ಪಟ್ಟಿ ಕಳಿಸುತ್ತಿದ್ದೇನೆ. ಈ ಸಲ ಬಲ ಅಂಚಿಗೆ ಐದು ಸಾಲು.

ಚಕ್ರಪಾಣಿ


ಮ್ಯಾನಿಟೋಬ
10 ಸೆಪ್ಟೆಂಬರ್ 2024

ಪ್ರೀತಿಯ ಮಾಮ,

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಪಟ್ಟಿ ಬಂದು ನಾಲ್ಕು ತಿಂಗಳಾಯಿತು, ಶೆಡ್ಡಿನಲ್ಲಿ ಜೋಪಾನವಾಗಿದೆ. ಬ್ರೇಕ್ ವಿಷಯ ನೀವು ಹೇಳಿದ್ದು ಸರಿ. ನನ್ನದೇ ತಪ್ಪು.

ನಾನು ಈಗ ಕೌಂಟರಿನಲ್ಲಿ ಕೂತು ಬಿಡಿಭಾಗಗಳ ಪಟ್ಟಿ ನೋಡಿಕೊಳ್ಳುತ್ತೇನೆ. ಬೆಚ್ಚಗಿರುತ್ತದೆ. ಈ ಚಳಿಗಾಲ ರೇಸಿಗೆ ಹೋಗುತ್ತೇನೋ ಇಲ್ಲವೋ ನೋಡಬೇಕು, ಐಲೀನ್‌ಗೆ ಪುರುಸೊತ್ತಿಲ್ಲ.

ತನ್ಮಯಿ


ಪದ್ಮನಾಭನಗರ
14 ಡಿಸೆಂಬರ್ 2024

ಚಿ. ತನ್ಮಯಿ,

ನಿನ್ನೆ ಶ್ವೇತಾ ಎಂಬ ಹುಡುಗಿ ಸ್ಕೂಟರ್ ತಂದಿದ್ದಳು. ಗದಗದ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದು ಯಾವುದೋ ಆಫೀಸಿಗೆ ಹೋಗುತ್ತಾಳೆ. ಗೋಡೆಯ ಮೇಲಿನ ನಿನ್ನ ಕಾಗದ ಓದಿ, ಅಂಥ ರೇಸು ತಾನು ಮೊಬೈಲಿನಲ್ಲಿ ನೋಡಿದ್ದೇನೆ ಎಂದಳು. ತೋರಿಸು ಎಂದೆ. ಬಿಳೀ ಕೆರೆ, ಅದರ ಮೇಲೆ ಬೈಕುಗಳು ಪುಡಿ ಹಾರಿಸಿಕೊಂಡು ಸುತ್ತುತ್ತಿದ್ದವು. ಎಷ್ಟು ಚೆಂದ ಇತ್ತು.

ಎಲ್ಲವೂ ಎಡಕ್ಕೆ ಸುತ್ತುತ್ತಿದ್ದವು.

ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ತೋರಿಸುತ್ತಿದೆ ನಿನ್ನ ಫೋನು ಎಂದು ಅವಳಿಗೆ ಹೇಳಿದೆ. ಅವಳು ನಿಲ್ಲಿಸಿ, ದೊಡ್ಡದು ಮಾಡಿ, ನನಗೆ ಕೇಳಿಸಲೆಂದು ಕಿವಿಯ ಹತ್ತಿರ ಬಂದು ಹೇಳಿದಳು. "ಹಂಗೇನಿಲ್ರೀ ಅಂಕಲ್, ಗಾಡಿ ಮ್ಯಾಲಿನ ನಂಬರ್ ನೋಡ್ರಿ, ನೆಟ್ಟಗ ಅದಾವು." ನೋಡಿದೆ. ಏಳು ಏಳಾಗಿಯೇ ಇತ್ತು, ನಾಲ್ಕು ನಾಲ್ಕಾಗಿಯೇ ಇತ್ತು. ಇನ್ನೂ ಮೂರು ರೇಸು ತೋರಿಸು ಎಂದೆ. ಅವಳಿಗೆ ಆಫೀಸಿಗೆ ತಡವಾಯಿತು ಪಾಪ.

ಅದು ಬೇರೆ ಕೆರೆ ಇರಬಹುದು, ಬೇರೆ ದೇಶ ಇರಬಹುದು. ನಿಮ್ಮ ಕೆರೆಯಲ್ಲಿ ಯಾವ ಕಡೆ ಸುತ್ತುತ್ತಾರೆ? ಎಡಕ್ಕೋ, ಬಲಕ್ಕೋ? ನೀನು ಬರೆದಿಲ್ಲ, ನಾನೂ ಕೇಳಿರಲಿಲ್ಲ. ಒಂದೇ ಒಂದು ಮಾತು ಬರೆ.

ಚಕ್ರಪಾಣಿ


ಮ್ಯಾನಿಟೋಬ
8 ಜನವರಿ 2025

ಪ್ರೀತಿಯ ಮಾಮ,

ಬಲಕ್ಕೆ.

ನಮ್ಮ ಕೆರೆಯಲ್ಲಿ ಮೊದಲಿನಿಂದಲೂ ಬಲಕ್ಕೇ ಸುತ್ತುತ್ತಾರೆ. ಒಂದೊಂದು ಊರಿನವರದು ಒಂದೊಂದು ಪದ್ಧತಿ. ನಿಮ್ಮ ಪಟ್ಟಿ ಸರಿಯಾಗಿಯೇ ಇತ್ತು. ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ, ಬಿಪಿ ಮಾತ್ರೆ ಮರೆಯಬೇಡಿ.

ತನ್ಮಯಿ


ಪದ್ಮನಾಭನಗರ
1 ಫೆಬ್ರವರಿ 2025

ತನ್ಮಯಿ,

ಬಲಕ್ಕೆ ಎಂದು ಬರೆದಿದ್ದೀಯ. ಓದಿ ಒಂದು ದಿನ ಸಮಾಧಾನವಾಗಿದ್ದೆ. ನಿನ್ನ ಅತ್ತೆಗೆ ಮಸಾಲೆ ದೋಸೆ ಕೊಡಿಸಿದೆ.

ಮರುದಿನ ಬೆಳಗ್ಗೆ ವರ್ಕ್‌ಶಾಪಿನಲ್ಲಿ ಒಂದು ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ ಬಲಕ್ಕೆ ವಾಲಿಸಿಕೊಂಡು ನಿಂತೆ. ಜಾರಿದರೆ ಅದು ನನ್ನ ಬಲಗಾಲಿನ ಮೇಲೆ ಬೀಳುತ್ತದೆ. ಎಡಗಾಲು ಮೇಲೆ, ಗಾಳಿಯಲ್ಲಿ. ಬಲಕ್ಕೆ ಸುತ್ತುತ್ತಾ ಜಾರಿದವಳ ಎಡ ಮಂಡಿ ಬೈಕಿನ ಅಡಿಗೆ ಹೋಗುವುದಿಲ್ಲ ತಾಯಿ. ಇಷ್ಟು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಭಾನುವಾರ ನಿನ್ನ ಅತ್ತೆಗೆ, "ಕಾಲು ತೋರಿಸು ಅಂತ ಅವಳನ್ನು ಕೇಳು" ಎಂದೆ. ನೀನು ಬಹಳ ಹೊತ್ತು ಬೇರೆ ಮಾತಾಡಿ ಆಮೇಲೆ ಫೋನನ್ನು ಕೆಳಗೆ ಹಿಡಿದೆಯಂತೆ. ಅವಳು ಬಂದು ಮೆಟ್ಟಿಲ ಮೇಲೆ ಕೂತಳು. "ಮಡಚಕ್ಕೇ ಆಗಲ್ವಂತೆ ರೀ" ಎಂದಳು. ಮೆಲ್ಲಗೇ ಹೇಳಿದಳು. ಅದು ಮಾತ್ರ ಈ ಹಾಳು ಕಿವಿಗೆ ಸ್ಪಷ್ಟವಾಗಿ ಕೇಳಿಸಿತು.

ನಮ್ಮಪ್ಪ ದೇವಸ್ಥಾನದಲ್ಲಿ ಅರ್ಚಕರಾಗಿದ್ದರು. ಆ ಮಂತ್ರ, ಆ ಮಡಿ ಯಾವುದೂ ಬೇಡ ಎಂದು ಹದಿನೇಳಕ್ಕೆ ಮನೆ ಬಿಟ್ಟು ಗ್ರೀಸು ಮೆತ್ತಿಕೊಂಡವನು ನಾನು. ಆದರೆ ನಡೆಯಲು ಕಲಿತಾಗಿನಿಂದ ದಿನಾ ಗರ್ಭಗುಡಿಯನ್ನು ಬಲಕ್ಕೆ ಸುತ್ತಿದ ಕಾಲಿದು. ಗಡಿಯಾರ ಬಲಕ್ಕೆ, ಆರತಿ ಬಲಕ್ಕೆ, ಸ್ಕ್ರೂ ಬಿಗಿಯುವುದೂ ಬಲಕ್ಕೆ. ಸುತ್ತು ಎಂದರೆ ಎಡಕ್ಕೂ ಇರಬಹುದು ಎಂಬ ಯೋಚನೆಯೇ ನನಗೆ ಬರಲಿಲ್ಲ. ಗಿರಾಕಿಯ ಕ್ಲಚ್ ವೈರ್ ಕಟ್ಟುವಾಗಲೂ ನಾಲ್ಕು ಪ್ರಶ್ನೆ ಕೇಳುವವನು, ನಿನ್ನ ಜೀವದ ವಿಷಯದಲ್ಲಿ ಒಂದನ್ನೂ ಕೇಳಲಿಲ್ಲ. ಮೇಲಿಂದ ನಿನ್ನ ಬ್ರೇಕಿನ ಮೇಲೆ ತಪ್ಪು ಹೊರಿಸಿ ಬರೆದೆ. ನೀನು ಅದನ್ನೂ ಒಪ್ಪಿಕೊಂಡೆ.

ನಿನ್ನ ಕಾಗದವನ್ನು ಗೋಡೆಯಿಂದ ಕಿತ್ತಿದ್ದೇನೆ. ವರ್ಕ್‌ಶಾಪ್ ಬಾಗಿಲು ತೆರೆಯದೆ ಎಂಟು ದಿನವಾಯಿತು. ಹೋಗಲು ಮನಸ್ಸಿಲ್ಲ. ನನ್ನ ಕೈ ನೋಡಿದರೆ ನನಗೇ ಅಸಹ್ಯವಾಗುತ್ತದೆ.

ಇನ್ನೊಂದು ವಿಷಯ. ನಿನಗೆ ನೆನಪಿರಲಾರದು, ನೀನು ಚಿಕ್ಕವಳಿದ್ದಾಗ ಒಂದು ವಾಷರ್ ಉಲ್ಟಾ ಇದೆ ಎಂದು ಹೇಳಿದ್ದಕ್ಕೆ ನಾನು ಎಷ್ಟೋ ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ. ಅದು ಈಗ ದಿನವೂ ನೆನಪಾಗುತ್ತಿದೆ. ನಿನ್ನ ಕೈ ನಾನು ತಿದ್ದಿದ ಕೈ. ಪಟ್ಟಿ ಸುತ್ತಿದಾಗ ಅದು ತಪ್ಪೆಂದು ನಿನಗೆ ಗೊತ್ತಾಗಲಿಲ್ಲವೇ? ಗೊತ್ತಾಗದೆ ಹೋಗಿದ್ದರೆ ಬರೆ. ಗೊತ್ತಾಗಿಯೂ ನನ್ನನ್ನು ಕೇಳಲು ಹೆದರಿದ್ದರೆ ಮಾತ್ರ ಬರೆಯಬೇಡ. ಅದೊಂದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಮಾಮ


ಮ್ಯಾನಿಟೋಬ
25 ಫೆಬ್ರವರಿ 2025

ಪ್ರೀತಿಯ ಮಾಮ,

ಸುಳ್ಳು ಬರೆದದ್ದಕ್ಕೆ ಕ್ಷಮಿಸಿ. ಇಲ್ಲಿ ಎಲ್ಲರೂ ಎಡಕ್ಕೇ ಸುತ್ತುವುದು.

ಕೆರೆಯ ಮೇಲೆ ಈ ವರ್ಷದ ರೇಸು ಮುಗಿಯಿತು. ನಾನು ದಡದಲ್ಲಿ ಕುರ್ಚಿ ಹಾಕಿಕೊಂಡು ಸುತ್ತು ಎಣಿಸಿದೆ. ಮೇ ತಿಂಗಳಲ್ಲಿ ಊರಿಗೆ ಬರುತ್ತೇನೆ. ವಿಮಾನದಲ್ಲಿ ಕಾಲು ಚಾಚಲು ಜಾಗ ಇರುವ ಸೀಟೇ ಸಿಕ್ಕಿದೆ. ಅತ್ತೆಗೆ ಹೇಳಿ, ಬಂದ ಮೇಲೆ ಮುರಿಗೆವ್ವನ ಎಣ್ಣೆ ಹಚ್ಚಿಸಿಕೊಳ್ಳುತ್ತೇನೆ. ನೆಲದ ಮೇಲೆ ಕೂರಲು ಆಗುವುದಿಲ್ಲ, ವರ್ಕ್‌ಶಾಪಿನಲ್ಲಿ ನನಗೊಂದು ಎತ್ತರದ ಸ್ಟೂಲ್ ಬೇಕು. ಅದಕ್ಕಾದರೂ ಬಾಗಿಲು ತೆರೆದಿಡಿ.

ಪಟ್ಟಿ ಸುತ್ತುವಾಗ ನನಗೆ ಏನೂ ಗೊತ್ತಾಗಲಿಲ್ಲ ಮಾಮ. ಗೊತ್ತಾಗಿದ್ದರೆ ಕೇಳದೆ ಇರುತ್ತಿದ್ದೆನೇ? ಆ ವಾಷರ್ ವಿಷಯ ನನಗೆ ನೆನಪೇ ಇಲ್ಲ.

ನಿಮ್ಮ
ತನ್ಮಯಿ